ಮೈಮ್ಯಾಲಿಂದು ತೆಗೆಸ್ತಾರೇನ್ರಿ?

ನಮ್ಮ ಮನೆಯವರು ನಾಗಪುರದ ಫೌಜದಾರಿ ಕೋರ್ಟಿನಲ್ಲಿ ವಕೀಲರು. ಹೆಸರು ನರಹರಿ. ವಕೀಲರು ಎಂದ ಕೂಡಲೆ ಸಿವಿಲ್ ಲೈನ್ಸಿನ ಬಂಗಲೆ, ಬಾಗಿಲಲ್ಲಿ ಮೋಟಾರು ಎಂದುಕೊಳ್ಳಬೇಡಿ. ಧಂತೋಲಿಯಲ್ಲಿ ಬಾಡಿಗೆ ಮನೆ, ಮಾತುಮಾತಿಗೆ ಚೈನು ಕಳಚುವ ಸೈಕಲ್ಲು, ಬಿಸಿಲು ಕುಡಿದು ಕಂದಾದ ಕರಿಕೋಟು, ಇಷ್ಟೇ ನಮ್ಮ ವೈಭವ. ಕಾನೂನು ಓದಲಿಕ್ಕೆಂದು ಧಾರವಾಡದಿಂದ ಸೋದರಮಾವನ ಮನೆಗೆ ಬಂದವರು ಇಲ್ಲೇ ಬೇರೂರಿದರು. ಊರು ಬಿಟ್ಟು ಬಂದ ಕನ್ನಡದವರಿಗೆ, ರೈಲ್ವೆಯವರಿರಲಿ, ಟಪಾಲಿನವರಿರಲಿ, ಕಾಮಠಿಯ ಮಗ್ಗದವರಿರಲಿ, ಪೊಲೀಸರ ಕಾಟ ಹತ್ತಿತೆಂದರೆ ಮೊದಲು ನೆನಪಾಗುವುದು ನಮ್ಮ ಪಡಸಾಲೆ. ಇವರಿಗಿಂತ ಜಾಣ ವಕೀಲರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ನಮ್ಮಲ್ಲಿ ಕನ್ನಡದಲ್ಲಿ ಅಳಬಹುದಾಗಿತ್ತು.

ಬರುವವರ ಮುಖ ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಬೇಡಿ ಹಾಕಿ ಓಣಿಯಲ್ಲಿ ನಡೆಸಿಕೊಂಡು ಹೋಗುತ್ತಾರೇನು? ಪೇಪರಿನಲ್ಲಿ ಹೆಸರು ಬರುತ್ತದೇನು? ಪೊಲೀಸರು ಕೊಟ್ಟ ಕಾಗದಕ್ಕೆ ಸಹಿ ಮಾಡಿಬಿಟ್ಟೆ, ಇನ್ನು ನನ್ನ ಕಥೆ ಮುಗಿಯಿತೇನು? ಕೋರ್ಟಿನಲ್ಲಿ ಖರೇ ಹೇಳಬೇಕೋ, ನೀವು ಕಲಿಸಿದ್ದು ಹೇಳಬೇಕೋ? ಒಬ್ಬ ತಾಯಿಯಂತೂ ಜೇಲಿನ ಸಾರಿಗೆ ಇಂಗು ಹಾಕುತ್ತಾರೋ ಇಲ್ಲವೋ ಎಂದು ಕೇಳಿದ್ದಳು, ಮಗನಿಗೆ ಇಂಗಿಲ್ಲದಿದ್ದರೆ ಹೊಟ್ಟೆ ಉಬ್ಬುತ್ತದಂತೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಬಡಿಯುತ್ತ ಈ ಪ್ರಶ್ನೆಗಳ ಉತ್ತರಗಳು ನನಗೂ ಬಾಯಿಪಾಠವಾಗಿದ್ದವು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಲೆಕ್ಕಕ್ಕಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಂಡರೆ ಬ್ರಹ್ಮ ಬಂದರೂ ಅಳಿಸಲಾರ. ಇದೊಂದನ್ನು ಇವರು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು, ಬೇಡವೆಂದರೂ ಹೇಳುತ್ತಿದ್ದರು.

ಹೇಳುವಾಗ ದನಿಯಲ್ಲಿ ಏರಿಳಿತವೇ ಇರುತ್ತಿರಲಿಲ್ಲ. ಹೊಸದಾಗಿ ಬಂದವರು ಇವರಿಗೆ ಸೊಕ್ಕು ಎಂದುಕೊಳ್ಳುತ್ತಿದ್ದರು. ಸೊಕ್ಕು ಎಲ್ಲಿಂದ ಬರಬೇಕು, ಎಲ್ಲವೂ ದಣಿವು. ಬೆಳಗಿನಿಂದ ಸಂಜೆತನಕ ಕಾಯುವುದು, ಕೂಗಿದಾಗ ಓಡುವುದು, ಓಡಿಹೋದರೆ ತಾರೀಖು ಮುಂದೆ ಬಿದ್ದಿರುವುದು. ಮನೆಗೆ ಬಂದು ಕೋಟನ್ನು ಗೂಟಕ್ಕೆ ಹಾಕಿ, ಅಲ್ಲೇ ಗೋಡೆಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. "ಕೈಕಾಲು ತೊಳಕೊಂಡು ಬರ್ರಿ, ಗ್ವಾಡಿ ಏನೂ ಬೀಳೂದಿಲ್ಲ" ಎಂದು ನಾನು ಒಳಗಿನಿಂದ ಕೂಗಬೇಕಾಗುತ್ತಿತ್ತು. ನನಗೆ ಕನಿಕರವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ನಿಜ ಹೇಳಬೇಕೆಂದರೆ ಸಿಟ್ಟೇ ಮುಂದಾಗಿ ಬರುತ್ತಿತ್ತು.

ರಾಜಧಾನಿ ನಾಗಪುರವನ್ನು ಬಿಟ್ಟು ಮುಂಬಯಿಗೆ ಹೋದ ಮರುವರ್ಷ, ಸೆಕೆ ಇನ್ನೇನು ಶುರುವಾಗುತ್ತಿದ್ದ ದಿನಗಳು. ರುದ್ರಪ್ಪನೆಂಬುವನು ಹೆಂಡತಿ ಮಹಾದೇವಮ್ಮನನ್ನು ಕರೆದುಕೊಂಡು ಪಡಸಾಲೆಗೆ ಬಂದ. ಗದಗಿನ ಕಡೆಯ ಲಿಂಗಾಯತರು, ಸೊಲ್ಲಾಪುರದಿಂದ ವರ್ಗವಾಗಿ ಬಂದವರು. ಆತ ರೈಲ್ವೆ ಶೆಡ್ಡಿನಲ್ಲಿ ಎಂಜಿನ್ನು ರಿಪೇರಿ ಮಾಡುವ ಫಿಟ್ಟರು. ಪಿಂಚಣಿಗೆ ಬಹಳ ವರ್ಷ ಉಳಿದಿರಲಿಲ್ಲ. ಆತನ ಸಾಮಾನಿನ ಪೆಟ್ಟಿಗೆಯಲ್ಲಿ ಸರಕಾರದ ಹಿತ್ತಾಳೆಯ ತುಂಡೊಂದು ಸಿಕ್ಕಿತ್ತು. ಕಳವಿನ ಫಿರ್ಯಾದಿ ಆಗಿತ್ತು. ಮರುದಿನ ಠಾಣೆಗೆ ಬಾ ಎಂದು ಹವಾಲದಾರ ಹೇಳಿಹೋಗಿದ್ದ.

"ಪೆಟಗಿಗೆ ಕೀಲಿ ಇತ್ತೇನು?" ಎಂದು ಇವರು ಕೇಳಿದರು.

"ಇಲ್ರಿ ಸಾಹೇಬರ. ಎಲ್ಲಾರೂ ಅದರಾಗ ಕೈ ಹಾಕ್ತಾರ್ರಿ. ಪಾನಾ ಬೇಕಂದ್ರ ನನ್ನ ಪೆಟಗಿ, ಎಣ್ಣಿ ಬೇಕಂದ್ರ ನನ್ನ ಪೆಟಗಿ."

"ಹಂಗಂದ್ರ ಇದು ಗೆಲ್ಲೋ ಕೇಸು. ಆದರ ಒಂದ ಮಾತು ನೆನಪಿಟ್ಕೋ. ಗುನ್ಹೆ ಸಾಬೀತಾದರ ದಂಡ ಎಷ್ಟ ಸಣ್ಣದಿರಲಿ, ನೌಕರಿ ಹೋಗ್ತದ. ಕ್ವಾರ್ಟರ್ಸು, ಪಿಂಚಣಿ, ಎಲ್ಲಾ ಅದರ ಹಿಂದ ಹೋಗ್ತಾವ. ಕೋರ್ಟಿನಾಗ ಏನ ಕೇಳಿದ್ರೂ ನಾ ಕಳವು ಮಾಡಿಲ್ಲ ಅನ್ನಬೇಕು. ತಿಳೀತೇನು?"

ರುದ್ರಪ್ಪ ತಲೆಯಾಡಿಸಿದ. ಬೇಡಿ, ಪೇಪರು, ತಾರೀಖು, ಒಂದನ್ನೂ ಕೇಳಲಿಲ್ಲ. ಅಂಗಿಯ ಮೇಲಿನಿಂದಲೇ ಎದೆಯನ್ನು ಮುಟ್ಟಿಕೊಂಡು, "ಸಾಹೇಬರ, ಲಾಕಪ್ಪಿನಾಗ ಮೈಮ್ಯಾಲಿಂದೆಲ್ಲಾ ತೆಗೆಸ್ತಾರಂತ, ಖರೇನ್ರಿ?" ಎಂದ.

"ತೆಗೆಸ್ತಾರ. ಉಂಗುರ, ಉಡದಾರ, ಕೊಳ್ಳಾಗಿಂದು, ಕಿಸೇದಾಗಿಂದು, ಎಲ್ಲಾ ತಗದು ಬರಕೊಂಡು ಇಟಗೋತಾರ. ಬಿಡುವಾಗ ತಿರುಗಿ ಕೊಡ್ತಾರ. ಅದರ ಚಿಂತಿ ಬ್ಯಾಡ ನಿನಗ."

ಒಳಗೆ ಮಹಾದೇವಮ್ಮ ನನ್ನೆದುರು ಕುಳಿತಿದ್ದಳು. ಈ ಮಾತು ಕಿವಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟಳು.

"ಬಾಯಾರ, ಲಿಂಗಾನೂ ತೆಗೆಸ್ತಾರೇನ್ರಿ?"

ಆಗ ನನಗೆ ಗೊತ್ತಾಯಿತು ಆತ ಎದೆ ಮುಟ್ಟಿಕೊಂಡದ್ದು ಏಕೆಂದು. ನಾವು ವೈಷ್ಣವರು. ಲಿಂಗಾಯತರು ಕೊರಳಲ್ಲಿ ಲಿಂಗ ಕಟ್ಟುತ್ತಾರೆ ಎಂಬುದು ಗೊತ್ತಿತ್ತು, ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. "ಅಷ್ಟ ಹೆದರಿಕಿ ಇದ್ರ ಕೋರ್ಟಿಗೆ ಹೋಗುವಾಗ ದೇವರ ಮನ್ಯಾಗ ಇಟ್ಟು ಹೋಗ್ಲಿ" ಎಂದುಬಿಟ್ಟೆ. ಆಕೆ ನನ್ನನ್ನು ನೋಡಿದ ರೀತಿಗೆ, ಗಂಡನನ್ನು ದೇವರ ಮನೆಯಲ್ಲಿ ಮಡಚಿಡು ಎಂದಿದ್ದರೂ ಇಷ್ಟು ಬೆಚ್ಚಿಬೀಳುತ್ತಿರಲಿಲ್ಲವೆನಿಸಿತು.

"ಮೈಬಿಟ್ಟು ಇಡೂ ದೇವರಲ್ರಿ ಅದು. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೆ ಹೋಗೂಮುಂದ ಅದರ ಕೂಡಾನ ಹೋಗೂದು. ಇವರು ಅದಕ್ಕ ನೀರು ಎರದು ಪೂಜಿ ಮಾಡದ ಒಂದ ಗುಟಕ ನೀರು ಕುಡ್ಯಂಗಿಲ್ರಿ. ಲಿಂಗ ಇಡೂ ಕರಡಗಿ ಬೆಳ್ಳೀದು. ಬೆಳ್ಳಿ ಅಂದಮ್ಯಾಲೆ ಪೊಲೀಸರು ಬಿಡ್ತಾರೇನ್ರಿ? ಅದನ್ನ ತಗದ್ರಂದ್ರ ಇವರು ಅಲ್ಲೇ ಜೀವಾ ಬಿಡ್ತಾರ."

ರಾತ್ರಿ ಊಟಕ್ಕೆ ಕುಳಿತಾಗ ಇದನ್ನೆಲ್ಲ ಇವರಿಗೆ ಹೇಳಿದೆ. ಇವರು ಹುಳಿಯಲ್ಲಿ ಅನ್ನ ಕಲಸುತ್ತ, "ಲಾಕಪ್ಪಿಗೇ ಹೋಗದಂಗ ಮಾಡ್ತೀನಿ ಅಂದಮ್ಯಾಲೆ ಲಿಂಗದ ಮಾತ್ಯಾಕ?" ಎಂದರು. ಹೇಳಿದಂತೆ ಮಾಡಿಯೂ ತೋರಿಸಿದರು. ರುದ್ರಪ್ಪನನ್ನು ಠಾಣೆಗೆ ಕಳಿಸಲೇ ಇಲ್ಲ. ಬೆಳಿಗ್ಗೆ ಸೀದಾ ಕೋರ್ಟಿಗೆ ಕರೆದೊಯ್ದು ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಿ, ಅಲ್ಲೇ ಜಾಮೀನು ಕೊಡಿಸಿದರು. ಅದೇ ಶೆಡ್ಡಿನ ಸಿದ್ದಲಿಂಗಯ್ಯ ಎಂಬುವನು, ಊರಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದವನು, ಜಾಮೀನಿಗೆ ನಿಂತ. ಯಾರೂ ರುದ್ರಪ್ಪನ ಮೈ ಮುಟ್ಟಲಿಲ್ಲ. ನನಗೆ ಇವರ ಮೇಲೆ ಅಭಿಮಾನವಾಯಿತು, ಅವತ್ತು ಸಜ್ಜಿಗೆ ಮಾಡಿದೆ.

ಆಮೇಲೆ ಎಂದಿನ ಕಥೆ. ರುದ್ರಪ್ಪನನ್ನು ಕೆಲಸದಿಂದ ತಡೆಹಿಡಿದರು. ತಾರೀಖು ಬೀಳುತ್ತ ಹೋಯಿತು. ಒಮ್ಮೆ ಪೊಲೀಸರ ಕಾಗದ ಬಂದಿಲ್ಲ, ಒಮ್ಮೆ ಸಾಹೇಬರೇ ಬಂದಿಲ್ಲ. ಪ್ರತಿ ತಾರೀಖಿನ ಹಿಂದಿನ ಸಂಜೆ ರುದ್ರಪ್ಪ ಬಂದು ಪಡಸಾಲೆಯ ಮೂಲೆಯಲ್ಲಿ ಕುಳಿತು, "ನಾಳೆ ಒಳಗ ಹಾಕಂಗಿಲ್ಲಲ್ರಿ?" ಎಂದು ಕೇಳುತ್ತಿದ್ದ. "ಇಲ್ಲೋ ಮಾರಾಯ, ಎಷ್ಟ ಸಲ ಹೇಳಬೇಕು" ಎಂದು ಇವರು ಅನ್ನುತ್ತಿದ್ದರು. ನಾನು ಇನ್ನೊಮ್ಮೆ ನೆನಪಿಸಿದೆ, "ಆ ಮನಶ್ಯಾಗ ಜೇಲಿನ ಅಂಜಿಕಿ ಇಲ್ಲರೀ, ಲಿಂಗದ ಅಂಜಿಕಿ ಅದ. ಅದಕ್ಕೇನರ ಮಾಡಲಿಕ್ಕೆ ಬರ್ತದೇನು ನೋಡ್ರಿ." ಇವರು ಕಾಗದದಿಂದ ತಲೆ ಎತ್ತದೆ, "ಕಾನೂನಿನಾಗ ಲಿಂಗದ ಕಲಮು ಇಲ್ಲ" ಎಂದರು. ಬೇಸತ್ತವರ ಜೊತೆ ವಾದ ಮಾಡಿ ನನಗೂ ಬೇಸರ ಬಂದಿತ್ತು, ಸುಮ್ಮನಾದೆ.

ಆರೋಪ ಓದಿ ಹೇಳುವ ದಿನ ಬಂತು. ಬಿಸಿಲು ಎಂಥದೆಂದರೆ ಟಾಂಗಾದವರು ಕುದುರೆಯ ತಲೆಗೆ ಒದ್ದೆ ಗೋಣಿ ಹಾಕಿಕೊಂಡು ಓಡಾಡುತ್ತಿದ್ದರು. ಇವರು ಕೋರ್ಟಿಗೆ ಹೋಗುವಷ್ಟರಲ್ಲಿ ಸಿದ್ದಲಿಂಗಯ್ಯ ಅರ್ಜಿ ಕೊಟ್ಟುಬಿಟ್ಟಿದ್ದ, ತಾನು ಇನ್ನು ಜಾಮೀನಿಗೆ ನಿಲ್ಲಲಾರೆನೆಂದು. ಕಳ್ಳನಿಗೆ ಜಾಮೀನು ನಿಂತವನೂ ಕಳ್ಳನೇ ಎಂದು ಶೆಡ್ಡಿನಲ್ಲಿ ಯಾರೋ ಅಂದಿದ್ದರಂತೆ. ಅವನಿಗೂ ಬಡ್ತಿ ಬರುವುದಿತ್ತು. ಅವನನ್ನೇನು ಬೈಯುವುದು, ಹೊಟ್ಟೆ ಎಲ್ಲರಿಗೂ ಇದೆ. ಆದರೂ ನಾನು ಮನಸ್ಸಿನಲ್ಲಿ ಬೈದಿದ್ದೇನೆ, ಚೆನ್ನಾಗಿಯೇ ಬೈದಿದ್ದೇನೆ.

ಜಾಮೀನು ಹೋದರೆ ಬೇರೆ ಜಾಮೀನು ಸಿಗುವತನಕ ಆರೋಪಿ ಪೊಲೀಸರ ವಶದಲ್ಲಿ. ಇವರಿಗೆ ನೆನಪಾದದ್ದು ನನ್ನ ತಮ್ಮ ಲಕ್ಷ್ಮೀಕಾಂತ, ಸೀತಾಬರ್ಡಿಯ ಬ್ಯಾಂಕೊಂದರಲ್ಲಿ ಕಾರಕೂನ. "ನಾ ಹೋಗಿ ಅವನ್ನ ಕರಕೊಂಡು ಬರ್ತೀನಿ. ನಿನ್ನ ಹೆಸರು ಕೂಗಿದ್ರ ನಮ್ಮ ವಕೀಲರು ಬರ್ತಾರ ಅನ್ನು, ಮುಂದ ಬಾಯಿ ಬಿಡಬ್ಯಾಡ" ಎಂದು ರುದ್ರಪ್ಪನಿಗೆ ಹೇಳಿ ಸೈಕಲ್ಲು ಹತ್ತಿದರು. ಕೇಸು ಊಟದ ವೇಳೆಯ ಮೇಲೆಯೇ ಬರುತ್ತದೆಂದು ಕೋರ್ಟಿನ ಕಾರಕೂನ ಹೇಳಿದ್ದ.

ಬೇಗ ಬಂತು. ಮುಂದೆ ಆದದ್ದನ್ನು ಅಲ್ಲೇ ಇದ್ದ ಮಹಾದೇವಮ್ಮ ನನಗೆ ಆಮೇಲೆ ಹೇಳಿದಳು. ಆರೋಪ ಓದಿದರು. ಗುನ್ಹಾ ಕಬೂಲ್ ಹೈ, ತಪ್ಪು ಒಪ್ಪಿಕೊಳ್ಳುತ್ತೀಯೇನು ಎಂದು ಕೇಳಿದರು. ವಕೀಲರು ಬರುತ್ತಾರೆ ಎಂದ ರುದ್ರಪ್ಪ, ಕಲಿಸಿದ್ದಷ್ಟನ್ನೇ ಹೇಳಿದ. ಸರಿ, ಅವರು ಬರುವತನಕ ಇವನನ್ನು ಒಳಗಿಡಿ ಎಂದು ಮ್ಯಾಜಿಸ್ಟ್ರೇಟರು ಮುಂದಿನ ಕಾಗದ ತೆಗೆದುಕೊಂಡರು. ಅವರ ತಪ್ಪೂ ಇಲ್ಲ, ನಿತ್ಯದ ಕೆಲಸ. ಪೊಲೀಸನೊಬ್ಬ ರುದ್ರಪ್ಪನ ತೋಳು ಹಿಡಿದು ಮೊಗಸಾಲೆಗೆ ಕರೆದೊಯ್ದ. ಅವನಿಗೂ ನಿತ್ಯದ ಕೆಲಸ. ಕಿಸೆ ಖಾಲಿ ಮಾಡಿಸಿದ, ಕರವಸ್ತ್ರ, ಅಡಕೆ ಚೂರು, ಬಸ್ಸಿನ ಚೀಟಿ. ಆಮೇಲೆ ಮರಾಠಿಯಲ್ಲಿ, "ಗಳ್ಯಾತಲಂ ಕಾಢ" ಎಂದ, ಕೊರಳಲ್ಲಿರುವುದನ್ನು ತೆಗೆ ಎಂದು. ರುದ್ರಪ್ಪ ಕದಲಲಿಲ್ಲ. ಪೊಲೀಸನೇ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದ.

ಆ ಕೈ ಕೊಡವಿಕೊಂಡು ರುದ್ರಪ್ಪ ತಿರುಗಿ ಕೋರ್ಟಿನೊಳಗೆ ಓಡಿದ. ಕಟಕಟೆಯ ಕಟ್ಟಿಗೆ ಹಿಡಿದುಕೊಂಡು, "ಸಾಹೇಬ್, ಕಬೂಲ್ ಹೈ. ಸಬ್ ಕಬೂಲ್ ಹೈ" ಎಂದು ಕೂಗಿದ.

ಮ್ಯಾಜಿಸ್ಟ್ರೇಟರು ಮತ್ತೆ ಮತ್ತೆ ಕೇಳಿದರಂತೆ, ಯಾರಾದರೂ ಹೊಡೆದರೇ, ಹೆದರಿಸಿದರೇ ಎಂದು. ಇಲ್ಲ ಎಂದ. ನಿನ್ನ ವಕೀಲರು ಬರಲಿ ಎಂದರೂ ಬೇಡ ಎಂದ. ವಕೀಲರಿಗಾಗಿ ಕಾಯುವುದೆಂದರೆ ಮತ್ತೆ ಮೊಗಸಾಲೆಗೆ ಹೋಗುವುದು. ಮ್ಯಾಜಿಸ್ಟ್ರೇಟರು ಬರೆದುಕೊಂಡರು. ವಯಸ್ಸಾದವನು, ಮೊದಲನೆಯ ಗುನ್ಹೆ, ಸಣ್ಣ ಮಾಲು ಎಂದು ಜೇಲೂ ಇಲ್ಲ, ದಂಡವೂ ಇಲ್ಲ, ಇನ್ನೊಮ್ಮೆ ಹೀಗೆ ಮಾಡಬೇಡ ಎಂದು ಬುದ್ಧಿ ಹೇಳಿ ಬಿಟ್ಟರು.

ಇವರು ಲಕ್ಷ್ಮೀಕಾಂತನನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಬೆವರಿಳಿಸುತ್ತ ಬಂದರೆ ರುದ್ರಪ್ಪ ಬೇವಿನ ಮರದ ಕೆಳಗೆ ಕುಳಿತಿದ್ದಾನೆ. ಕೊರಳಪಟ್ಟಿ ಹರಿದಿದೆ. ಮುಖದ ತುಂಬ ನಗು.

"ಬಿಟ್ರು ಸಾಹೇಬರ! ದಂಡಾನೂ ಇಲ್ಲ!"

ನಮ್ಮ ಮನೆಯವರು ಸೈಕಲ್ಲನ್ನು ಹಾಗೇ ನೆಲಕ್ಕೆ ಬೀಳಬಿಟ್ಟು ಅವನ ಪಕ್ಕದಲ್ಲೇ ಮಣ್ಣಿನಲ್ಲಿ ಕುಳಿತರು ಎಂದು ಲಕ್ಷ್ಮೀಕಾಂತ ಹೇಳಿದ. ನಕ್ಕೋತ ಕೂತವನಿಗೆ ಏನಂತ ಹೇಳೂದು ಎಂದು ಮನೆಗೆ ಬಂದಮೇಲೆ ನನ್ನನ್ನೇ ಕೇಳಿದರು.

ಹೇಳುವ ಕೆಲಸವನ್ನು ರೈಲ್ವೆಯವರೇ ಮಾಡಿದರು. ಕಳವಿನಲ್ಲಿ ಗುನ್ಹೆಗಾರನೆಂದು ಕೋರ್ಟೇ ಬರೆದಮೇಲೆ ಅವರಾದರೂ ಏನು ಮಾಡುತ್ತಾರೆ. ನೌಕರಿ ಹೋಯಿತು, ಕ್ವಾರ್ಟರ್ಸು ಖಾಲಿ ಮಾಡೆಂದು ಹುಕುಮು ಬಂತು. ಇವರು ಅಪೀಲಿಗೆ ಪುಸ್ತಕ ತಿರುವಿಹಾಕಿದರು. ತಾನಾಗಿ ಒಪ್ಪಿಕೊಂಡವನಿಗೆ ಶಿಕ್ಷೆ ಹೆಚ್ಚಾಯಿತೆಂದು ಮಾತ್ರ ಅಪೀಲು ಉಂಟು. ಇಲ್ಲಿ ಕಡಿಮೆ ಮಾಡಲಿಕ್ಕೆ ಶಿಕ್ಷೆಯೇ ಇರಲಿಲ್ಲ. ಊಟ ಬಿಟ್ಟು ಓದಿದರು, ನನ್ನ ಮೇಲೆ ರೇಗಿದರು, ಕಡೆಗೆ ಒಂದು ದಿನ ಮ್ಯಾಜಿಸ್ಟ್ರೇಟರ ಕೋಣೆಗೇ ಹೋದರು. ಆ ಮನುಷ್ಯ ಒಳ್ಳೆಯವರು, ಮಹಾಲ್ ಪೇಟೆಯ ಮರಾಠಿ ಮನೆತನದವರು.

"ಅಷ್ಟು ಗಟ್ಟಿ ಕೇಸಿಟ್ಟುಕೊಂಡು ನಿಮ್ಮ ಆಸಾಮಿ ಯಾಕೆ ಒಪ್ಪಿಕೊಂಡ ವಕೀಲರೆ?" ಎಂದು ಅವರೇ ಮೊದಲು ಕೇಳಿದರಂತೆ. ಇವರು ಲಿಂಗದ ವಿಷಯ ಹೇಳಿದರು. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು.

"ಒಂದು ಸಾಲಿನ ಅರ್ಜಿ ಕೊಟ್ಟಿದ್ದರೆ ಆಗುತ್ತಿತ್ತಲ್ಲ. ಸಿಖ್ಖರ ಕೈಕಡಗ ಬಿಡುತ್ತೇವೆ, ನಿಮ್ಮ ನಮ್ಮ ಜನಿವಾರ ಬಿಡುತ್ತೇವೆ. ಇದನ್ನೂ ಬಿಡಿ ಎಂದು ನಾನು ಸಹಿ ಹಾಕುತ್ತಿದ್ದೆ. ನೀವು ಕೇಳಲೇ ಇಲ್ಲ."

ಇದನ್ನು ಇವರು ನನಗೆ ಹೇಳಿದ್ದು ಹಿತ್ತಲಲ್ಲಿ, ಸ್ನಾನಕ್ಕೆಂದು ಅಂಗಿ ತೆಗೆದು ನಿಂತಿದ್ದಾಗ. ಹೆಗಲ ಮೇಲೆ ಜನಿವಾರ ಇತ್ತು. ನಾನು ಎರಡು ಮಾತು ಅನ್ನಬೇಕೆಂದಿದ್ದೆ. ಹೇಳಿದ್ದೆನಲ್ಲ, ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದೆನಲ್ಲ ಎಂದು. ಇವರ ಮುಖ ನೋಡಿ ಅದನ್ನು ಅಲ್ಲಿಗೇ ಬಿಟ್ಟೆ. ಬಿಸಿನೀರು ತೋಡಿಕೊಟ್ಟು ಒಳಗೆ ಬಂದೆ. ಒಳಗೆ ಬಂದಮೇಲೆ ಅತ್ತುಬಿಟ್ಟೆ.

ಊರಿಗೆ ಹೊರಡುವ ದಿನ ರುದ್ರಪ್ಪ, ಮಹಾದೇವಮ್ಮ ಹೇಳಿಹೋಗಲಿಕ್ಕೆ ಬಂದರು. ಸಾಮಾನಿನ ಗಂಟುಗಳನ್ನು ಪಡಸಾಲೆಯಲ್ಲೇ ಇಳಿಸಿದರು. ಗದಗಿನಲ್ಲಿ ಅಣ್ಣನ ಮಗನ ಹಿಟ್ಟಿನ ಗಿರಣಿಯಲ್ಲಿ ಕೂಡುವುದಂತೆ. ರುದ್ರಪ್ಪ ಸೊರಗಿದ್ದ, ಆದರೆ ನೆಟ್ಟಗೆ ಕುಳಿತಿದ್ದ. ಓಣಿಯವರು ಏನಾದರೂ ಅನ್ನಲಿ, ಮಠದ ಸ್ವಾಮಿಗಳ ಮುಂದೆ ತಲೆ ಎತ್ತಿ ನಿಲ್ಲಬಹುದು ಎಂದ. ನೌಕರಿ ಹೋದದ್ದನ್ನು ಹೇಳುವಾಗಲೂ ಒಂದು ಹರಕೆ ತೀರಿಸಿದವರ ದನಿ. ಮಹಾದೇವಮ್ಮನೂ ಹಾಗೇ ಇದ್ದಳು, ನಾನು ಕೊಟ್ಟ ಅವಲಕ್ಕಿಯನ್ನು ಕೂತು ತಿಂದಳು.

ಏಳುವ ಹೊತ್ತಿಗೆ ರುದ್ರಪ್ಪ, "ಸಾಹೇಬರ, ಒಂದ ಕೇಳ್ತೀನ್ರಿ. ಅವತ್ತ ಬ್ಯಾರೆ ದಾರಿ ಏನರ ಇತ್ತೇನ್ರಿ?" ಎಂದ.

ನಾನು ಬಾಗಿಲಲ್ಲಿ ನಿಂತು, ಬೇಡ, ಇಲ್ಲ ಎನ್ನಿ ಎಂದು ಕಣ್ಸನ್ನೆ ಮಾಡಿದೆ. ಇವರು ನೋಡಿದರು, ನೋಡಿಯೂ ಕೇಳಲಿಲ್ಲ. ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟು ಗೊತ್ತಿಲ್ಲ ಇವರಿಗೆ.

"ಇತ್ತು ರುದ್ರಪ್ಪ. ಲಿಂಗ ತೆಗೆಸಬ್ಯಾಡ್ರಿ ಅಂತ ಒಂದ ಅರ್ಜಿ ಕೊಟ್ಟಿದ್ರ ಬಿಡ್ತಿದ್ರು. ನೀ ಮೊದಲನೇ ದಿವಸಾನ ಕೇಳಿದ್ದಿ. ಅರ್ಜಿ ನಾ ಬರೀಬೇಕಾಗಿತ್ತು, ಬರೀಲಿಲ್ಲ."

ಏಳಲು ಹೊರಟಿದ್ದ ರುದ್ರಪ್ಪ ಮತ್ತೆ ಕುಳಿತ.

"ಅರ್ಜಿ ಅಷ್ಟೇನ್ರಿ?"

"ಅಷ್ಟ."

"ಇರ್ಲಿ ಬಿಡ್ರಿ ಸಾಹೇಬರ" ಎಂದ ರುದ್ರಪ್ಪ. ಇವರಿಗೆ ಸಮಾಧಾನ ಹೇಳಬೇಕೆಂದು ಬಾಯಿ ತೆರೆದವನು ಹೆಂಡತಿಯ ಕಡೆ ನೋಡಿದ. ಅವನ ಬೆನ್ನು ಬಾಗಿದ್ದನ್ನು ನಾನು ಕಂಡೆ. ಇಷ್ಟೆಲ್ಲ ಆದಮೇಲೂ ಬಾಗದ ಬೆನ್ನು.

ಮಹಾದೇವಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. ಆಕೆಗೆ ಸಿಟ್ಟು ಬಂದಿರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು.

"ಹೇಳಬಾರದಾಗಿತ್ರಿ ಸಾಹೇಬರ. ದೇವರಿಗಾಗಿ ನೌಕರಿ ಬಿಟ್ವಿ ಅಂತ ಇಷ್ಟ ದಿವಸ ಉಂಡೀವಿ, ಮಲಗೀವಿ. ಈಗ ಸುಮ್ಮಸುಮ್ಮನ ಹೋದಂಗಾತು."

ದೊಡ್ಡ ಗಂಟನ್ನು ತಾನೇ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲಿಳಿದಳು. ರುದ್ರಪ್ಪ ಸಣ್ಣ ಗಂಟು ಹಿಡಿದು ಹಿಂದೆ ಹೋದ. ಇವರು ಟಾಂಗಾ ತರುತ್ತೇನೆಂದು ಎದ್ದು ನಿಂತರು, ಅಷ್ಟರಲ್ಲಿ ಅವರಿಬ್ಬರೂ ಓಣಿ ದಾಟಿದ್ದರು.